ಫ್ಯಾಮಿಲಿ ಲಿಂಕ್: ಗೇಮ್ ಖರೀದಿಗೆ ಒಳ್ಳೆಯ ಬೀಗ, ಲೂಟ್ ಬಾಕ್ಸ್‌ಗೆ ಸಾಲದು

ಗೂಗಲ್‌ನ ಫ್ಯಾಮಿಲಿ ಲಿಂಕ್ ಉಚಿತ ಆ್ಯಪ್. ಸಮಯದ ಮಿತಿ, ಆ್ಯಪ್‌ಗಳ ಮೇಲೆ ಹಿಡಿತ, ಲೊಕೇಶನ್ ಎಲ್ಲ ಇದರಲ್ಲಿದೆ. ಇಲ್ಲಿ ನೋಡುವುದು ಒಂದೇ ವಿಷಯ: ಗೇಮಿನೊಳಗೆ ಮಕ್ಕಳು ದುಡ್ಡು ಸುರಿಯುವುದನ್ನು ಇದು ತಡೆಯುತ್ತದೆಯೇ? ಮಂಗಳೂರು, ಉಡುಪಿ ಕಡೆ ರಜೆ ಶುರುವಾಗಿ ಹೊರಗೆ ಮಳೆ ಹಿಡಿದರೆ ಮಕ್ಕಳ ಕೈಗೆ ಫೋನು ಬರುವುದು ಹೇಗೂ ತಪ್ಪಿದ್ದಲ್ಲ.

ಸೆಟ್ಟಿಂಗ್ ಸುಲಭ. ಆ್ಯಪ್ ತೆರೆದು ಮಗುವಿನ ಹೆಸರು ಒತ್ತಿ, ಕಂಟ್ರೋಲ್ಸ್‌ನಲ್ಲಿ ಗೂಗಲ್ ಪ್ಲೇಗೆ ಹೋಗಿ, ಖರೀದಿಗೆ ಒಪ್ಪಿಗೆ ಕೇಳುವ ಆಯ್ಕೆ ತೆರೆಯಿರಿ. ಅಲ್ಲಿ (ಉಚಿತವಾದದ್ದೂ ಸೇರಿ) ಎಲ್ಲದಕ್ಕೂ ಒಪ್ಪಿಗೆ, ಎಲ್ಲ ಖರೀದಿಗೆ, ಆ್ಯಪ್ ಒಳಗಿನ ಖರೀದಿಗೆ ಮಾತ್ರ, ಯಾವುದಕ್ಕೂ ಬೇಡ ಎಂದು ನಾಲ್ಕು ಬಗೆ ಇರುತ್ತದೆ. ಮೊದಲನೆಯದನ್ನೇ ಇಡಿ. ಆಮೇಲೆ ಮಗು ಗೇಮಿನಲ್ಲಿ ಏನಾದರೂ ಕೊಳ್ಳಲು ಹೊರಟರೆ ನಿಮ್ಮ ಫೋನಿಗೆ ಕೋರಿಕೆ ಬರುತ್ತದೆ. ಇಲ್ಲವಾದರೆ ಮಗುವಿನ ಫೋನಿನಲ್ಲೇ ನೀವು ನಿಮ್ಮ ಪಾಸ್‌ವರ್ಡ್ ಹಾಕಿ ಒಪ್ಪಿಗೆ ಕೊಡಬಹುದು. ಈ ಎರಡನೆಯ ದಾರಿ ಬೇಡ. ಪಕ್ಕದಲ್ಲಿ ನಿಂತ ಮಗುವಿಗೆ ಒಮ್ಮೆ ಪಾಸ್‌ವರ್ಡ್ ಕಂಡರೆ ಅಷ್ಟೂ ವ್ಯವಸ್ಥೆ ನೀರಪಾಲು.

ಇಷ್ಟರ ಮಟ್ಟಿಗೆ ಕೆಲಸ ಅಚ್ಚುಕಟ್ಟು. ಎಡವುವುದು ಮನೆಯಲ್ಲಿ ಫೋನು ಬಳಸುವ ರೀತಿಯಲ್ಲಿ. ಅಮ್ಮನ ಫೋನಿನಲ್ಲಿ ಅಮ್ಮನದೇ ಖಾತೆಯಲ್ಲಿ ಮಗ ಆಡುತ್ತಿದ್ದರೆ ಫ್ಯಾಮಿಲಿ ಲಿಂಕ್ ಇದ್ದೂ ಇಲ್ಲದ ಹಾಗೆ, ಏಕೆಂದರೆ ಅದು ಕಾಯುವುದು ಮಗುವಿನ ಖಾತೆಯನ್ನು. ಅಂಥ ಫೋನಿನಲ್ಲಿ ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಖರೀದಿಯ ಪರಿಶೀಲನೆಯನ್ನು ಪ್ರತಿ ಸಲವೂ ಕೇಳುವಂತೆ ಇಡಬೇಕು. 30 ನಿಮಿಷಕ್ಕೊಮ್ಮೆ ಎಂಬ ಆಯ್ಕೆ ಅಪಾಯಕಾರಿ: ನೀವು ಒಂದು ಖರೀದಿಗೆ ಅನುಮತಿ ಕೊಟ್ಟರೆ ಮುಂದಿನ ಅರ್ಧ ಗಂಟೆ ಬಾಗಿಲು ತೆರೆದೇ ಇರುತ್ತದೆ. ಬೆರಳಚ್ಚಿನಿಂದ ಖರೀದಿಸುವ ಆಯ್ಕೆ ಆನ್ ಇದ್ದರೆ ಫೋನಿನಲ್ಲಿ ಯಾರ್ಯಾರ ಬೆರಳು ನೋಂದಾಗಿದೆ ಎಂದು ನೋಡಿ. ಫೋನ್ ತೆರೆಯಲು ಅನುಕೂಲವಾಗಲಿ ಎಂದು ಸೇರಿಸಿದ ಮಗನ ಹೆಬ್ಬೆರಳು ಖರೀದಿಗೂ ಸಹಿ ಹಾಕುತ್ತದೆ.

ನಮ್ಮ ಕರಾವಳಿಗೇ ವಿಶೇಷವಾದ ತೊಡಕು ಇನ್ನೊಂದಿದೆ. ಅಪ್ಪ ದುಬೈಯಲ್ಲೋ ಕತಾರ್‌ನಲ್ಲೋ ಇದ್ದು, ಅಲ್ಲಿನ ಖಾತೆಯಿಂದಲೇ ಮಗುವಿನ ಖಾತೆ ಸೇರುವ ಗೂಗಲ್‌ನ ಕುಟುಂಬದ ಗುಂಪು ಮಾಡಿರುತ್ತಾರೆ. ಗೂಗಲ್‌ನ ನಿಯಮದಂತೆ ಗುಂಪಿನ ಸದಸ್ಯರೆಲ್ಲ ಅದನ್ನು ನಡೆಸುವವರ ದೇಶದಲ್ಲೇ ಇರಬೇಕು. ಒಂದು ಗುಂಪು ಬಿಟ್ಟು ಇನ್ನೊಂದಕ್ಕೆ ಹೋಗಲು 12 ತಿಂಗಳಿಗೆ ಒಮ್ಮೆ ಮಾತ್ರ ಅವಕಾಶ. ಹಾಗಾಗಿ ಊರಿನಲ್ಲಿರುವ ಅಮ್ಮನ ಭಾರತದ ಖಾತೆಯಿಂದಲೇ ಗುಂಪು ಶುರು ಮಾಡಿ.

ಇನ್ನೊಂದು ದೊಡ್ಡ ಕಂಡಿ. ಈ ಒಪ್ಪಿಗೆ ಅನ್ವಯವಾಗುವುದು ಗೂಗಲ್ ಪ್ಲೇ ಮೂಲಕ ನಡೆಯುವ ಪಾವತಿಗೆ ಮಾತ್ರ. ಗೇಮಿನ ಪ್ಲೇಯರ್ ಐಡಿ ಕೊಟ್ಟು ಹೊರಗಿನ ಟಾಪ್‌ಅಪ್ ತಾಣದಲ್ಲಿ ಯಾರ ಯುಪಿಐಯಿಂದ ಪಾವತಿಸಿದರೂ ನಾಣ್ಯ ನೇರ ಆಟದೊಳಗೆ ಬಂದು ಬೀಳುತ್ತದೆ. ನಿಮ್ಮ ಫೋನಿಗೆ ಒಂದು ಸದ್ದೂ ಬರುವುದಿಲ್ಲ. ಸಹಪಾಠಿಗೆ ನಗದು ಕೊಟ್ಟರೆ ಸಾಕು.

ಇವನ್ನೆಲ್ಲ ಎಚ್ಚರಿಕೆಯಿಂದ ಮುಚ್ಚಬಹುದು. ಮುಚ್ಚಲಾಗದ್ದು ಲೂಟ್ ಬಾಕ್ಸ್, ಅಂದರೆ ಒಳಗೇನಿದೆ ಎಂದು ತಿಳಿಯದೆ ಅದೃಷ್ಟ ನಂಬಿ ತೆರೆಯುವ ಆಟದೊಳಗಿನ ಪೆಟ್ಟಿಗೆ. ನಿಮ್ಮ ಒಪ್ಪಿಗೆ ಕೇಳುವಾಗ ಪರದೆಯಲ್ಲಿ ಕಾಣುವುದು ಇಷ್ಟು ಹರಳು (ಆಟದೊಳಗಿನ ನಾಣ್ಯ), ಇಷ್ಟು ರೂಪಾಯಿ ಎಂದು. ಅದೃಷ್ಟದಾಟ ನಡೆಯುವುದು ಆಮೇಲೆ, ಆ ಹರಳುಗಳಿಂದ. ಅಲ್ಲಿ ರೂಪಾಯಿ ಇಲ್ಲ, ಆದ್ದರಿಂದ ಫ್ಯಾಮಿಲಿ ಲಿಂಕ್‌ಗೆ ಅದು ಕಾಣುವುದೇ ಇಲ್ಲ.

ಗೆನ್ಶಿನ್ ಇಂಪ್ಯಾಕ್ಟ್ ಆಟದ ಲೆಕ್ಕ ನೋಡಿ. ಒಂದು ಎಳೆತಕ್ಕೆ, ಅಂದರೆ ಅದೃಷ್ಟದ ಒಂದು ಪ್ರಯತ್ನಕ್ಕೆ, 160 ಹರಳು ಬೇಕು. ಅತಿ ಚಿಕ್ಕ ಪ್ಯಾಕ್ 60ರದ್ದು, ಅದರಲ್ಲಿ ಒಂದು ಎಳೆತವೂ ಆಗದು. ಮೊದಲ ಖರೀದಿಯ ವಿಶೇಷ ಬೋನಸ್ ಬಿಟ್ಟರೆ 980ರ ಪ್ಯಾಕ್‌ಗೆ 110 ಸೇರಿ 1,090 ಸಿಗುತ್ತದೆ. ಆರು ಎಳೆತಕ್ಕೆ 960 ಹೋಗಿ 130 ಉಳಿಯುತ್ತದೆ. ಇನ್ನು ಮೂವತ್ತಿದ್ದರೆ ಇನ್ನೊಂದು ಎಳೆತ! ಮುಂದಿನ ಪ್ಯಾಕಿನ ಕಡೆಗೆ ಎಳೆಯುವುದು ಈ ಉಳಿಕೆಯೇ. ಐದು ನಕ್ಷತ್ರದ, ಅಂದರೆ ಅತಿ ಅಪರೂಪದ, ಪಾತ್ರ ಬೀಳುವ ಮೂಲ ಸಂಭವ ಶೇ 0.6. ಹತ್ತು ಸಲ ಎಳೆದ ನೂರು ಮಂದಿಯಲ್ಲಿ ಸುಮಾರು 94 ಮಂದಿಗೆ ಅದು ಸಿಗುವುದಿಲ್ಲ. 90ನೇ ಎಳೆತಕ್ಕೆ ಒಂದು ಖಾತ್ರಿ, ಆದರೆ ಅದು ನಿಮಗೆ ಬೇಕಾದ ಪಾತ್ರವೇ ಆಗಬೇಕೆಂದಿಲ್ಲ. ಬೇಕಾದದ್ದೇ ಖಾತ್ರಿಯಾಗಲು ಕೆಟ್ಟ ಅದೃಷ್ಟದಲ್ಲಿ 180 ಎಳೆತ, ಅಂದರೆ 28,800 ಹರಳು. ಬೋನಸ್ ಸೇರಿ 8,080 ಕೊಡುವ ಅತಿ ದೊಡ್ಡ ಪ್ಯಾಕ್ ನಾಲ್ಕು ಕೊಳ್ಳಬೇಕು. ಆಡುತ್ತಾ ಉಚಿತವಾಗಿಯೂ ಹರಳು ಸಿಗುತ್ತದೆ, ನಿಜ. ಆದರೆ ಪಾತ್ರ ಲಭ್ಯವಿರುವುದು ಕೆಲವೇ ವಾರ, ಅಷ್ಟರೊಳಗೆ ಅಷ್ಟು ಕೂಡಿಸುವುದು ಕಷ್ಟ. ಸಂಭವದ ಅಂಕಿ ಆಟದಲ್ಲೇ ಇದೆ, ಎಳೆಯುವ ಗುಂಡಿಯ ಮೇಲಲ್ಲ, ವಿವರಗಳ ಪುಟದೊಳಗೆ.

ತಲಪಾಡಿ ದಾಟಿದರೆ ಸಿಗುವ ಕೇರಳ ಲಾಟರಿಯ ಚೀಟಿಯಲ್ಲಿ ಬೆಲೆ ರೂಪಾಯಿಯಲ್ಲೇ ಇರುತ್ತದೆ, ಡ್ರಾ ದಿನಾಂಕವೂ ಅಚ್ಚಾಗಿರುತ್ತದೆ. ಅಂಥ ಲಾಟರಿಯನ್ನೇ ಕರ್ನಾಟಕ 2007ರಲ್ಲಿ ನಿಲ್ಲಿಸಿತು. ಹನ್ನೆರಡರ ಹುಡುಗನ ಕೈಯಲ್ಲಿರುವ ಈ ಪೆಟ್ಟಿಗೆಗೆ ಅಷ್ಟು ನಿಯಮವೂ ಇಲ್ಲ.

ಸರ್ಕಾರ ಕೈಹಾಕಬೇಕೆ ಎಂಬ ಪ್ರಶ್ನೆಗೆ ಈ ಬೀಗದ ಚರಿತ್ರೆಯೇ ಉತ್ತರ ಕೊಡುತ್ತದೆ. ಆ 30 ನಿಮಿಷದ ಕಿಂಡಿಯಿಂದ ಮಕ್ಕಳು ಮಾಡಿದ ಖರೀದಿಗಳ ಬಗ್ಗೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್ ದೂರು ಹೂಡಿತು. 2014ರಲ್ಲಿ ಗೂಗಲ್ ಕನಿಷ್ಠ 1.9 ಕೋಟಿ ಡಾಲರ್ ಮರಳಿಸಲು, ಹಣ ಕಡಿತದ ಕ್ರಮ ಬದಲಿಸಲು ಒಪ್ಪಿತು. 2025ರ ಜನವರಿಯಲ್ಲಿ ಅದೇ ಕಮಿಷನ್ ಗೆನ್ಶಿನ್‌ನ ಪ್ರಕಾಶಕರೊಂದಿಗೆ 2 ಕೋಟಿ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡಿತು. ಪೋಷಕರ ಒಪ್ಪಿಗೆಯಿಲ್ಲದೆ 16ಕ್ಕಿಂತ ಕೆಳಗಿನವರಿಗೆ ಲೂಟ್ ಬಾಕ್ಸ್ ಮಾರಬಾರದು, ಸಂಭವ ಮತ್ತು ಹರಳಿನ ವಿನಿಮಯ ದರ ತಿಳಿಸಬೇಕು ಎಂಬುದು ಷರತ್ತು. ದಕ್ಷಿಣ ಕೊರಿಯಾ 2024ರ ಮಾರ್ಚ್‌ನಿಂದ ಸಂಭವ ಪ್ರಕಟಿಸುವುದನ್ನು ಕಾನೂನಿನಿಂದಲೇ ಕಡ್ಡಾಯ ಮಾಡಿದೆ. ಬೆಲ್ಜಿಯಂ 2018ರಲ್ಲೇ ಹಣ ಕೊಟ್ಟು ಕೊಳ್ಳುವ ಲೂಟ್ ಬಾಕ್ಸ್ ಜೂಜು ಎಂದಿತು. ಆದರೆ 2022ರಲ್ಲಿ ಅಧ್ಯಯನವೊಂದು ಅಲ್ಲಿ ಹೆಚ್ಚು ಗಳಿಸುವ 100 ಐಫೋನ್ ಗೇಮ್‌ಗಳನ್ನು ಪರೀಕ್ಷಿಸಿದಾಗ 82ರಲ್ಲಿ ಪೆಟ್ಟಿಗೆಗಳು ಹಾಗೆಯೇ ಇದ್ದವು. ಒಂದೊಂದು ಗೇಮಿನ ಹಿಂದೆ ಓಡುವುದರಿಂದ ಪ್ರಯೋಜನವಿಲ್ಲ, ನಿಯಮವನ್ನು ಆ್ಯಪ್ ಸ್ಟೋರ್‌ನ ಹೊಸ್ತಿಲಲ್ಲೇ ಜಾರಿ ಮಾಡಬೇಕು.

ನಮ್ಮ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಗೆಲ್ಲುವ ಆಸೆಯಿಂದ ಹಣ ಹೂಡುವ ಆಟಗಳನ್ನು ನಿಷೇಧಿಸಿದೆ. ಗೆದ್ದದ್ದು ಬರೀ ವೇಷವೋ ಪಾತ್ರವೋ ಆದರೆ ಏನು ಎಂಬುದಕ್ಕೆ ಅದರಲ್ಲಿ ಸ್ಪಷ್ಟ ಉತ್ತರವಿಲ್ಲ. ಬೇಕಾಗಿರುವುದು ಕಷ್ಟದ್ದೇನಲ್ಲ: ಪ್ರತಿ ಎಳೆತದ ಬೆಲೆ ರೂಪಾಯಿಯಲ್ಲಿ, ಸಂಭವ ಅದೇ ಗುಂಡಿಯ ಮೇಲೆ, 18ರೊಳಗಿನವರ ಖಾತೆಯಲ್ಲಿ ಪೆಟ್ಟಿಗೆ ತೆರೆಯುವುದಕ್ಕೇ ಪ್ರತ್ಯೇಕ ಒಪ್ಪಿಗೆ. ಈ ಮೂರನೆಯದು ಬಂದರೆ ಫ್ಯಾಮಿಲಿ ಲಿಂಕ್‌ಗೆ 5ಕ್ಕೆ 5 ಕೊಡಬಹುದು. ಸದ್ಯಕ್ಕೆ 3.

ದುಡ್ಡು ಹೋಗಿಯೇ ಬಿಟ್ಟಿದ್ದರೆ 48 ಗಂಟೆಯೊಳಗೆ ಪ್ಲೇ ತಾಣದಲ್ಲಿ ಮರುಪಾವತಿ ಕೇಳಿ. ಜಿಪಿಎ ಎಂದು ಶುರುವಾಗುವ ಆರ್ಡರ್ ಸಂಖ್ಯೆ ರಸೀದಿಯ ಇಮೇಲ್‌ನಲ್ಲಿ ಇರುತ್ತದೆ. ಖರೀದಿಗೆ ಪಾಸ್‌ವರ್ಡ್ ಕೇಳುವ ವ್ಯವಸ್ಥೆ ಆಫ್ ಇದ್ದರೆ ಸಾಮಾನ್ಯವಾಗಿ ಸಿಗುವುದಿಲ್ಲ. 48 ಗಂಟೆ ದಾಟಿದರೆ ಗೇಮ್ ಕಂಪನಿಗೇ ಬರೆಯಬೇಕು. ಅದೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಕೌಂಟ್‌ಡೌನ್ ಓಡಿಸಿ ಸುಳ್ಳು ತುರ್ತು ಹುಟ್ಟಿಸಿದ್ದರೆ ಅದರ ಸ್ಕ್ರೀನ್‌ಶಾಟ್ ಜೊತೆಗಿಡಿ, 2023ರ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿಯಲ್ಲಿ ಅದಕ್ಕೂ ನಿಷೇಧವಿದೆ.