ಕೊಡಗಿನ ‘ವೈನ್ ಟೂರ್’ ಪ್ಯಾಕೇಜ್: ಮುಂಗಡ ಕಳಿಸುವ ಮೊದಲು ಓದಿ

‘ದ್ರಾಕ್ಷಿ ತೋಟದಲ್ಲಿ ಎರಡು ದಿನ, ಜೋಡಿಗಳಿಗೆ ಮಾತ್ರ’ ಎಂಬ ಜಾಹೀರಾತು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಬೆಟ್ಟದ ಇಳಿಜಾರಿನಲ್ಲಿ ಸಾಲುಸಾಲು ಬಳ್ಳಿ, ಓಕ್ ಪೀಪಾಯಿಗಳು, ಸಂಜೆ ಬಿಸಿಲಿಗೆ ಹಿಡಿದ ಎರಡು ಗ್ಲಾಸು, ಕೆಳಗೆ ಮಡಿಕೇರಿಯ ಹೆಸರು. ಆ ಚಿತ್ರದ ಜಾಗ ಕೊಡಗಿನದಲ್ಲ. ಕೊಡಗು ಕಾಫಿ, ಕಾಳುಮೆಣಸು, ಏಲಕ್ಕಿ, ಕಿತ್ತಳೆಯ ನಾಡು. ವೈನ್ ದ್ರಾಕ್ಷಿಯ ಸೀಮೆ ಅಲ್ಲ.

ಮದುವೆಯ ವಾರ್ಷಿಕೋತ್ಸವಕ್ಕೆಂದು ಬೆಂಗಳೂರಿನಿಂದ ಬಂದ ಗಂಡ ಹೆಂಡತಿಗೆ ಆದದ್ದು ಹೀಗೆ. ಪ್ಯಾಕೇಜ್ ಬೆಲೆ 14,000 ರೂಪಾಯಿ, ಅರ್ಧ ದುಡ್ಡು ಯುಪಿಐಯಲ್ಲಿ ಮುಂಗಡ, ರಸೀದಿ ಇಲ್ಲ. ಮೂರು ದ್ರಾಕ್ಷಿ ತೋಟ, ಮೂರು ವೈನರಿ ಎಂದು ಮಾತಾಗಿತ್ತು. ಮೊದಲನೆಯದು ಕಾಫಿ ಎಸ್ಟೇಟ್. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ತೋರಿಸಿ, ದ್ರಾಕ್ಷಿ ಇರುವುದು ಇನ್ನೂ ಒಳಗೆ, ಈಗ ಹಣ್ಣಿನ ಕಾಲವಲ್ಲ ಎಂದರು. ಎರಡನೆಯ ಜಾಗದಲ್ಲಿ ಒಂದು ಚಪ್ಪರ, ಅದರ ಮೇಲೆ ಪ್ಯಾಶನ್ ಫ್ರೂಟ್ ಬಳ್ಳಿ. ಮೂರನೆಯದು ತೋಟವೇ ಅಲ್ಲ, ರಸ್ತೆ ಬದಿಯ ಮಸಾಲೆ ಮತ್ತು ಚಾಕೊಲೇಟ್ ಅಂಗಡಿ. ಅಲ್ಲಿ ಕಾಗದದ ಕಪ್ಪಿನಲ್ಲಿ ಎಂಟು ಬಗೆಯ ‘ಹೋಮ್‌ಮೇಡ್ ವೈನ್’ ರುಚಿ ನೋಡಿಸಿ ಆರು ಬಾಟಲಿ ಕಟ್ಟಿಕೊಟ್ಟರು. ಬಿಲ್ ಕೇಳಿದ್ದಕ್ಕೆ ‘ಮಸಾಲೆ ಸಾಮಾನು’ ಎಂದು ಬರೆದ ಚೀಟಿ ಸಿಕ್ಕಿತು. ವಾಪಸು ಹೋಗುವ ದಾರಿಯಲ್ಲಿ, ಹುಣಸೂರು ದಾಟುವಷ್ಟರಲ್ಲಿ, ಡಿಕ್ಕಿಯಲ್ಲಿದ್ದ ಎರಡು ಬಾಟಲಿ ಸಿಡಿದವು. ದುಡ್ಡು ವಾಪಸು ಕೇಳಿದ ದಿನವೇ ಆ ಕಡೆಯವರು ಇವರ ನಂಬರ್ ಬ್ಲಾಕ್ ಮಾಡಿದರು.

ಇದರಲ್ಲಿ ಮೋಸ ಎಲ್ಲೆಲ್ಲಿದೆ ಎಂದು ಬಿಡಿಸಿ ಹೇಳಬೇಕು. ಕೊಡಗಿನ ಮೇಲಿನ ಪ್ರೀತಿಯಿಂದ ಬರುವವರನ್ನೇ ಹೀಗೆ ಸುಲಿಯುವುದು ನಮಗೆ ಸಹಿಸಲಾಗದ ವಿಷಯ.

ಮೊದಲು ಬಳ್ಳಿಯ ಮಾತು. ಮಡಿಕೇರಿಯಲ್ಲಿ ವರ್ಷಕ್ಕೆ ಸುರಿಯುವ ಮಳೆ 3,000 ಮಿಲಿಮೀಟರ್ ದಾಟುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ದ್ರಾಕ್ಷಿಗೆ ಹೆಸರಾದ ವಿಜಯಪುರದಲ್ಲಿ ಅದು 600ರ ಆಸುಪಾಸು. ಎಲೆ ದಿನಗಟ್ಟಲೆ ಒದ್ದೆಯಾಗಿಯೇ ಇದ್ದರೆ ದ್ರಾಕ್ಷಿಗೆ ಬೂಜು ತುಪ್ಪಟ ರೋಗ ಬರುತ್ತದೆ. ಎಲೆಯ ಅಡಿಯಲ್ಲಿ ಬಿಳಿ ಬೂಜು ಕಟ್ಟಿ, ಎಳೆ ಗೊಂಚಲು ಕಂದಾಗಿ ಉದುರುತ್ತದೆ. ಮನೆ ಮುಂದಿನ ಚಪ್ಪರದಲ್ಲಿ ಒಂದೆರಡು ಬಳ್ಳಿ ಬದುಕಬಹುದು. ಅದರಿಂದ ವೈನರಿ ನಡೆಯುವುದಿಲ್ಲ.

ಯಾರಾದರೂ ಬಳ್ಳಿ ತೋರಿಸಿದರೆ ಎಲೆಯ ಬುಡ ನೋಡಿ. ಆಸರೆಗೆ ಸುತ್ತಿಕೊಳ್ಳುವ ದ್ರಾಕ್ಷಿಯ ಸುರುಳಿ ಎಲೆಗೆ ಎದುರು ಬದಿಯಲ್ಲಿ ಹುಟ್ಟುತ್ತದೆ. ಪ್ಯಾಶನ್ ಫ್ರೂಟ್‌ನಲ್ಲಿ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಂಕುಳಲ್ಲೇ ಸುರುಳಿ ಇರುತ್ತದೆ. ಎರಡರ ಎಲೆಯೂ ಸೀಳುಸೀಳಾಗಿರುವುದರಿಂದ ದೂರದಿಂದ ಕಂಡವರು ಸುಲಭವಾಗಿ ಮೋಸ ಹೋಗುತ್ತಾರೆ. ಕಾಳುಮೆಣಸಿಗೆ ಸುರುಳಿಯೇ ಇಲ್ಲ, ಗೆಣ್ಣಿನ ಬೇರಿನಿಂದ ಮರವನ್ನು ಅಪ್ಪಿ ಹಿಡಿಯುತ್ತದೆ. ನಿಜವಾದ ದ್ರಾಕ್ಷಿ ತೋಟದಲ್ಲಿ ಕಂಬ, ತಂತಿ, ಸಾಲಿನುದ್ದಕ್ಕೂ ಡ್ರಿಪ್ ಪೈಪು ಕಾಣಲೇಬೇಕು.

ಇನ್ನು ಬಾಟಲಿ. ಇಲ್ಲಿ ಮನೆಬಳಕೆಗೆ ವೈನ್ ಮಾಡುವ ರೂಢಿ ಹಳೆಯದು, ಅದನ್ನು ಶ್ರದ್ಧೆಯಿಂದ ಮಾಡುವ ಮನೆಗಳೂ ಇವೆ. ಅಂಗಡಿಯ ಸರಕನ್ನು ಅದರ ಜೊತೆ ಹೋಲಿಸಬೇಡಿ. ಸಾಮಾನ್ಯ ಅಳತೆ ಇದು: ಒಂದು ಕೆಜಿ ಕಪ್ಪು ದ್ರಾಕ್ಷಿ, ಒಂದು ಕೆಜಿ ಸಕ್ಕರೆ, ಒಂದೂವರೆ ಲೀಟರ್ ಕುದಿಸಿ ಆರಿಸಿದ ನೀರು, ಒಂದು ಚಮಚ ಈಸ್ಟ್, ಒಂದು ಹಿಡಿ ಗೋಧಿ, ಲವಂಗ, ಚಕ್ಕೆ. ಭರಣಿಯಲ್ಲಿ 21 ದಿನ. ಲೆಕ್ಕ ಹಾಕಿ ನೋಡಿದರೆ ಲೀಟರಿಗೆ ಸುಮಾರು 400 ಗ್ರಾಂ ಸಕ್ಕರೆ ಆಯಿತು. ಶೇಕಡಾ ಒಂದರಷ್ಟು ಆಲ್ಕೋಹಾಲ್ ಹುಟ್ಟಲು ಲೀಟರಿಗೆ 17 ಗ್ರಾಂ ಸಕ್ಕರೆ ಬೇಕು. ಬ್ರೆಡ್ಡಿನ ಈಸ್ಟ್ ಶೇ. 10–12ರ ಹತ್ತಿರ ಸೋಲುತ್ತದೆ, ಅಷ್ಟರಲ್ಲಿ ಅದು ತಿಂದಿರುವುದು 200 ಗ್ರಾಂ ಮಾತ್ರ. ಉಳಿದದ್ದೆಲ್ಲ ಪಾಕ. ಆ ಸಿಹಿಯ ಅಡಿಯಲ್ಲಿ ಹುಳಿ, ಒಗರು, ಬೆರೆಸಿದ ಸ್ಪಿರಿಟ್, ಎಲ್ಲವೂ ಅಡಗಿ ಕೂರುತ್ತವೆ. ಶುಂಠಿ, ವೀಳ್ಯದೆಲೆ, ಗಾಂಧಾರಿ ಮೆಣಸಿನ ‘ವೈನ್’ ಎಂದರೆ ಅಮಲೆಲ್ಲ ಸಕ್ಕರೆಯದೇ, ಏಕೆಂದರೆ ಹುದುಗಲು ಬೇಕಾದಷ್ಟು ಸಕ್ಕರೆ ಅವುಗಳಲ್ಲಿ ಇಲ್ಲ. ದ್ರಾಕ್ಷಿಯಾದರೂ ಹೊರಗಿನ ಮಂಡಿಯಿಂದ ಬಂದದ್ದು. ಹಾಗಿರುವಾಗ ‘ನಮ್ಮ ತೋಟದ ಹಣ್ಣು’ ಎಂಬ ಮಾತಿಗೆ ಬೆಲೆ ಕೊಡಬೇಡಿ.

ಬಾಟಲಿ ಸಿಡಿದದ್ದೂ ಇದೇ ಕಾರಣಕ್ಕೆ. ಹುದುಗು ಮುಗಿಯುವ ಮೊದಲೇ ಸೋಸಿ ತುಂಬಿದರೆ ಈಸ್ಟ್ ಒಳಗೆ ಜೀವಂತವಾಗಿರುತ್ತದೆ, ಅದಕ್ಕೆ ಬೇಕಾದ ಸಕ್ಕರೆಯೂ ಧಾರಾಳವಾಗಿರುತ್ತದೆ. ಒಂದು ಲೀಟರ್ ವೈನ್‌ನಲ್ಲಿ ಕೇವಲ 4 ಗ್ರಾಂ ಸಕ್ಕರೆ ಹುದುಗಿದರೂ ಸುಮಾರು ಒಂದು ಲೀಟರ್ ಗ್ಯಾಸ್ ಹುಟ್ಟುತ್ತದೆ. ಮಡಿಕೇರಿಯ ಚಳಿಯಲ್ಲಿ ಸುಮ್ಮನಿದ್ದ ಈಸ್ಟ್, ಬಯಲುಸೀಮೆಯ ಬಿಸಿಲಿಗೆ ಕಾದ ಡಿಕ್ಕಿಯಲ್ಲಿ ಮತ್ತೆ ಕೆಲಸಕ್ಕೆ ಇಳಿಯುತ್ತದೆ. ಬೇರೆ ಯಾವುದಕ್ಕೋ ಬಳಸಿ ತೊಳೆದ ಗಾಜಿನ ಬಾಟಲಿ ಆ ಒತ್ತಡ ತಡೆಯುವುದಿಲ್ಲ. ಮುಚ್ಚಳದ ಸುತ್ತ ಜಿನುಗು, ಕತ್ತಿನಲ್ಲಿ ನೊರೆ, ತಳದಲ್ಲಿ ದಪ್ಪ ಗಸಿ ಇದ್ದರೆ ಕೈಗೆ ತೆಗೆದುಕೊಳ್ಳಲೇಬೇಡಿ. ಈಗಾಗಲೇ ತಂದಿದ್ದರೆ ನೇರ ನಿಲ್ಲಿಸಿ, ಮೇಲೆ ದಪ್ಪ ಟವೆಲ್ ಹಾಕಿ, ಮುಖ ದೂರವಿಟ್ಟು ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ ಗ್ಯಾಸ್ ಬಿಡಿ.

ಎಲ್ಲಕ್ಕಿಂತ ದೊಡ್ಡ ಭಯ ಸ್ಪಿರಿಟ್‌ನದು. ಹಣ್ಣು ಹುದುಗಿಸಿದಾಗ ತಾನಾಗಿ ಹುಟ್ಟುವ ಮೆಥನಾಲ್ ಎಂಬ ವಿಷಕಾರಿ ಆಲ್ಕೋಹಾಲ್ ಅತ್ಯಲ್ಪ, ಅದಕ್ಕೆ ಹೆದರಬೇಕಿಲ್ಲ. ಆದರೆ 21 ದಿನ ಕಾಯಲಾಗದವರು ಸಕ್ಕರೆ ಪಾಕಕ್ಕೆ ಎಸೆನ್ಸ್, ಬಣ್ಣ, ಎಲ್ಲಿಂದಲೋ ತಂದ ಸ್ಪಿರಿಟ್ ಕಲಸಿಬಿಟ್ಟರೆ, ಅದರೊಳಗೆ ಏನಿದೆ ಎಂದು ನಾಲಿಗೆಯಿಂದ ತಿಳಿಯುವ ದಾರಿಯೇ ಇಲ್ಲ. ಮೆಥನಾಲ್ ವಿಷ ತಕ್ಷಣ ಕಾಣಿಸಿಕೊಳ್ಳುವುದಿಲ್ಲ. 12ರಿಂದ 24 ಗಂಟೆ ಕಳೆದ ಮೇಲೆ ವಾಂತಿ, ಹೊಟ್ಟೆನೋವು, ಕಣ್ಣು ಮಂಜಾಗುವುದು ಶುರುವಾಗಬಹುದು. ಕಣ್ಣು ಮಂಜಾಯಿತು ಎಂದರೆ ಹ್ಯಾಂಗೋವರ್ ಎಂದು ಮಲಗಬೇಡಿ. 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಆಸ್ಪತ್ರೆಗೆ ಒಯ್ಯಿರಿ.

ಬಣ್ಣಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಬಿಳಿ ಪಿಂಗಾಣಿ ಬಟ್ಟಲಿಗೆ ಎರಡು ಚಮಚ ‘ದ್ರಾಕ್ಷಿ ವೈನ್’ ಹಾಕಿ, ಬುರುಗು ನಿಲ್ಲುವವರೆಗೆ ಚಿಟಿಕೆ ಚಿಟಿಕೆಯಾಗಿ ಅಡುಗೆ ಸೋಡಾ ಬೆರೆಸಿ. ದ್ರಾಕ್ಷಿ ಸಿಪ್ಪೆಯ ಬಣ್ಣವಾದರೆ ಕೆಂಪು ಹೋಗಿ ನೀಲಿ ಬೂದು ಅಥವಾ ಹಸಿರು ಛಾಯೆಗೆ ತಿರುಗುತ್ತದೆ. ಕೆಂಪು ಕೆಂಪಾಗಿಯೇ ಉಳಿದರೆ ಆ ಬಣ್ಣ ದ್ರಾಕ್ಷಿಯದಲ್ಲ. ಇದು ಹೇಳುವುದು ಬಣ್ಣದ ಕಥೆ ಮಾತ್ರ. ಸ್ಪಿರಿಟ್ ಇದೆಯೋ ಇಲ್ಲವೋ ಎಂಬುದಕ್ಕೆ ಇದನ್ನು ನಂಬಬೇಡಿ.

ನಂಬಬಹುದಾದದ್ದು ಲೇಬಲ್. ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ನಂಬರ್, ಆಲ್ಕೋಹಾಲ್ ಶೇಕಡಾವಾರು, ಆಹಾರ ಸುರಕ್ಷತೆಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ, ಮದ್ಯಪಾನ ಹಾನಿಕರ ಎಂಬ ಎಚ್ಚರಿಕೆ, ಮುಚ್ಚಳದ ಮೇಲೆ ಅಬಕಾರಿ ಇಲಾಖೆಯ ಚೀಟಿ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಬಿಟ್ಟುಬಿಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ಮಾರುವುದು ಅಪರಾಧ. ‘ಹೋಮ್‌ಮೇಡ್’ ಎಂಬ ಹೆಸರಿಗೆ ರಿಯಾಯಿತಿ ಇಲ್ಲ. ‘ಮಸಾಲೆ ಸಾಮಾನು’ ಎಂಬ ಚೀಟಿ ಬರೆದದ್ದು ಆ ಕಾರಣಕ್ಕೇ.

ಕಾರು ಓಡಿಸುವವರು ರುಚಿಯನ್ನೂ ನೋಡಬಾರದು. 30 ಮಿಲಿಲೀಟರಿನ ಎಂಟು ಕಪ್ಪು ಎಂದರೆ 240 ಮಿಲಿ. ಶೇ. 10ರ ವೈನ್ ಆದರೆ ಅದರಲ್ಲಿ 19 ಗ್ರಾಂ ಆಲ್ಕೋಹಾಲ್. 60 ಕೆಜಿ ತೂಕದವರ 100 ಮಿಲಿ ರಕ್ತದಲ್ಲಿ ಅದು ಸುಮಾರು 45 ಮಿಲಿಗ್ರಾಂ ಆಗುತ್ತದೆ. ಕಾನೂನಿನ ಮಿತಿ 30. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಇಲ್ಲಿನ ತಿರುವುಗಳಲ್ಲಿ ಗಂಟೆಗೆ 30 ಕಿಲೋಮೀಟರ್ ಸಾಗಿದರೆ ಹೆಚ್ಚು, ತಿತಿಮತಿ ಕಡೆ ಸಂಜೆಗೆ ಆನೆ ರಸ್ತೆಗೆ ಬರುತ್ತದೆ, ನಾಗರಹೊಳೆ ಒಳಗಿನ ರಸ್ತೆ 6 ಗಂಟೆಗೆ ಮುಚ್ಚುತ್ತದೆ.

ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ಯುಪಿಐ ವಹಿವಾಟಿನ 12 ಅಂಕಿಯ ಸಂಖ್ಯೆ, ಜಾಹೀರಾತಿನ ಸ್ಕ್ರೀನ್‌ಶಾಟ್, ಚಾಟ್ ಇಟ್ಟುಕೊಳ್ಳಿ. ಹೇಳಿದ ಸೇವೆ ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915. ಬಾಟಲಿಯ ದೂರು ಅಬಕಾರಿ ಇಲಾಖೆಗೆ. ನಾಚಿಕೆಯಿಂದ ಸುಮ್ಮನಾಗುವವರೇ ಹೆಚ್ಚು, ಆದ್ದರಿಂದಲೇ ಅದೇ ಜಾಹೀರಾತು ಹೊಸ ನಂಬರಿನಿಂದ ಮತ್ತೆ ಬರುತ್ತದೆ.

ಇಬ್ಬರೇ ನಿಧಾನವಾಗಿ ತೋಟ ಸುತ್ತಬೇಕೆಂದರೆ ಕೊಡಗಿನಲ್ಲಿ ಕಾಫಿಯನ್ನೇ ನೋಡಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಆಗ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡುತ್ತಿರುತ್ತದೆ, ಕಣದ ತುಂಬ ಕಾಫಿ ಹರಡಿರುತ್ತದೆ. ಹೂಮಳೆ ಬಿದ್ದ ಹತ್ತು ದಿನದ ಆಸುಪಾಸಿನಲ್ಲಿ ಬಂದರೆ ತೋಟವೆಲ್ಲ ಬಿಳಿ, ಮಲ್ಲಿಗೆಯಂಥ ಪರಿಮಳ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿದ ಹೋಂಸ್ಟೇ ಹಿಡಿದು, ಈಗ ತೋಟದಲ್ಲಿ ಯಾವ ಕೆಲಸ ನಡೆಯುತ್ತಿದೆ ಎಂದು ಫೋನಿನಲ್ಲೇ ಕೇಳಿ.

ದ್ರಾಕ್ಷಿಯೇ ಬೇಕೆಂದರೆ ನಂದಿ ಬೆಟ್ಟದ ತಪ್ಪಲು, ದೊಡ್ಡಬಳ್ಳಾಪುರದ ಗ್ರೋವರ್ ಜಂಪಾ ವೈನರಿ ಕಡೆ ಹೋಗಿ. ಅಕ್ಟೋಬರ್ ಹೊತ್ತಿಗೆ ಹಣ್ಣಿನ ಚಾಟನಿ (ಬಳ್ಳಿ ಕತ್ತರಿಸುವ ಕೆಲಸ), ಕೊಯ್ಲು ಫೆಬ್ರವರಿ, ಮಾರ್ಚ್. ಏಪ್ರಿಲ್ ಚಾಟನಿ ಆದ ಮೇಲೆ ಹೋದರೆ ಸಿಗುವುದು ಬೋಳು ಕೊರಡು. ತಳಿ ಯಾವುದು, ಚಾಟನಿ ಯಾವಾಗ ಎಂದು ಕೇಳಿ ನೋಡಿ. ತೋಟ ಇರುವವರು ತಕ್ಷಣ ಉತ್ತರಿಸುತ್ತಾರೆ, ವರ್ಷವಿಡೀ ಹಣ್ಣು ಇರುತ್ತದೆ ಎಂದವರಿಗೆ ತೋಟವಿಲ್ಲ. ಬೆಂಗಳೂರಿನಿಂದ ಕೊಡಗಿಗೆ ಬರುವ ದಾರಿಯಲ್ಲೇ, ಚನ್ನಪಟ್ಟಣದ ಹತ್ತಿರ, ಮೊದಲು ಹೆರಿಟೇಜ್ ವೈನರಿ ಎನ್ನುತ್ತಿದ್ದ ಡೊಮೇನ್ ಸುಲಾ ಇದೆ. ಎಕ್ಸ್‌ಪ್ರೆಸ್‌ವೇಯಲ್ಲೇ ಸಾಗಿದರೆ ಅದು ತಪ್ಪಿಹೋಗುತ್ತದೆ, ಹಳೆಯ ಮೈಸೂರು ರಸ್ತೆಗೆ ಇಳಿಯಬೇಕು. ಟೂರ್ ಸಮಯವನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ, ಸ್ಟೀರಿಂಗ್ ಹಿಡಿಯುವವರು ಯಾರು ಎಂಬುದನ್ನೂ ಮನೆಯಲ್ಲೇ ತೀರ್ಮಾನಿಸಿ ಹೊರಡಿ.