ರಾಕ್‌ಫೆಲ್ಲರ್ ದಂಪತಿಯ ನೈದಿಲೆ ಕೊಳ

2018ರಲ್ಲಿ ಅಮೆರಿಕದ ಸಿರಿವಂತ ದಂಪತಿ ಪೆಗ್ಗಿ ಮತ್ತು ಡೇವಿಡ್ ರಾಕ್‌ಫೆಲ್ಲರ್ ಕಲಾಸಂಗ್ರಹವನ್ನು ಹರಾಜಿಗೆ ಮುಂಚೆ ನ್ಯೂಯಾರ್ಕಿನ ಹರಾಜು ಸಂಸ್ಥೆ ಕ್ರಿಸ್ಟೀಸ್‌ನಲ್ಲಿ ನೋಡಿದ್ದೆ. ಪ್ರವೇಶ ಉಚಿತ, ಕೊಳ್ಳುವ ತಾಕತ್ತು ಇರಬೇಕಂತೇನಿಲ್ಲ, ಪುಣ್ಯ. ಜನವೆಲ್ಲ ಪಿಕಾಸೊ ಮುಂದೆ. ನನ್ನ ಕಾಲು ಕದಲಲಾರದೆ ನಿಂತದ್ದು ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಯ ನೈದಿಲೆ ಕೊಳದ ಚಿತ್ರದೆದುರು. ಐದಡಿಗೂ ಮೀರಿದ ಎತ್ತರದ ಕ್ಯಾನ್ವಾಸ್. ತೀರ ಹತ್ತಿರ ಹೋದರೆ ಹೂವೇ ಇಲ್ಲ, ಗಡಿಬಿಡಿಯಲ್ಲಿ ಮೆತ್ತಿದ ಬಿಳಿ ಬಣ್ಣ ಅಷ್ಟೆ. ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ, ನೀಲಿ-ನೇರಳೆ ನೀರಿನ ಮೇಲೆ ಹೂ ಎದ್ದು ಕೂರುತ್ತದೆ! ಫೋಟೊದಲ್ಲಿ ಈ ಆಟ ಸಿಗದು. ದಂಪತಿ ಇದನ್ನು ಕೊಂಡದ್ದು 1956ರಲ್ಲಿ. ಹರಾಜಿನಲ್ಲಿ ಹೋದದ್ದು 8.47 ಕೋಟಿ ಡಾಲರಿಗೆ. ಬೆಲೆ ಅತಿಯಾಯಿತು ಅನಿಸಿದರೂ ಹಣ ದಾನಕ್ಕೆ ಹೋಯಿತಲ್ಲ, ಬಿಡಿ. ಹರಾಜಿಗೆ ಮುಂಚಿನ ಇಂಥ ಪ್ರದರ್ಶನ ತಪ್ಪಿಸಬೇಡಿ. ಆಮೇಲೆ ಚಿತ್ರ ಯಾರ ಮನೆ ಸೇರುತ್ತದೋ.