ಆರೋಪ ಬಂದ ಆಪ್ತ: ಉಳಿಸಿಕೊಳ್ಳಬೇಕಾ, ದೂರ ಇಡಬೇಕಾ?

ಕೇರಳದ ಮಂಜೇಶ್ವರ ಕಡೆಯ ಪಂಚಾಯತ್ ಸದಸ್ಯರೊಬ್ಬರು ಕೇಳಿದ ಪ್ರಶ್ನೆ ಇದು.

ಜನರ ನಂಬಿಕೆ ನೋಡಿದರೆ ಬೇಗ ದೂರ ಇಡುವುದೇ ಮೇಲು. 2020ರ ಜುಲೈಯಲ್ಲಿ ಚಿನ್ನ ಕಳ್ಳಸಾಗಣೆ ಪ್ರಕರಣ ಹೊರಬಿದ್ದ ಕೆಲವೇ ದಿನಗಳಲ್ಲಿ ಆಗ ಕೇರಳದ ಮುಖ್ಯಮಂತ್ರಿಯಾಗಿದ್ದ ಪಿಣರಾಯಿ ವಿಜಯನ್ ತಮ್ಮ ಪ್ರಧಾನ ಕಾರ್ಯದರ್ಶಿ ಎಂ. ಶಿವಶಂಕರ್ ಅವರನ್ನು ಹುದ್ದೆಯಿಂದ ತೆಗೆದರು. ಗಲಾಟೆ ನಿಲ್ಲಲಿಲ್ಲ, ಆದರೂ 2021ರ ಚುನಾವಣೆಯಲ್ಲಿ ಗೆದ್ದರು. ಅದೊಂದೇ ಕಾರಣ ಅಲ್ಲ, ನಿಜ. ಅಮೆರಿಕದ ಅಧ್ಯಕ್ಷರಾಗಿದ್ದ ನಿಕ್ಸನ್ ವಾಟರ್‌ಗೇಟ್ ಹಗರಣದಲ್ಲಿ ತಮ್ಮ ಆಪ್ತರಾದ ಹಾಲ್ಡೆಮನ್, ಎರ್ಲಿಕ್‌ಮನ್ ಇಬ್ಬರನ್ನೂ 1973ರ ಏಪ್ರಿಲ್ ತನಕ ಬಿಡಲಿಲ್ಲ. 1974ರಲ್ಲಿ ತಾವೇ ರಾಜೀನಾಮೆ ಕೊಡಬೇಕಾಯಿತು.

ಕೆಲಸ ನೋಡಿದರೆ ಮಾತು ಬೇರೆ. ಮಲಯಾಳದ ಆದೇಶ ಓದಿ ಹೇಳುವ ಆಪ್ತ ಹೋದರೆ ಕನ್ನಡಿಗರ ವಾರ್ಡಿಗೇ ನಷ್ಟ ಜಾಸ್ತಿ, ಅಲ್ವಾ? ಸುಮ್ನೆ ಗಾಳಿಮಾತಾದರೆ ಜೊತೆಗೆ ನಿಲ್ಲಿ. ಆರೋಪ ಇರುವ ಬಿಲ್ಲಿನಲ್ಲಿ ಆ ಆಪ್ತರದೇ ಸಹಿ ಇದ್ದರೆ, ತನಿಖೆ ಮುಗಿಯುವ ತನಕ ದೂರ ಇಡಿ.